ಹಿಂದಿನ ಕೋಣೆಯ ರೈಲು

ನಾನು ಅಂಗೈಯುದ್ದದ ಒಂದು ರೈಲು ಎಂಜಿನ್ನು. ಹುಬ್ಬಳ್ಳಿಯ ಒಂದು ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಹುಟ್ಟಿದೆ. ರೈಲ್ವೆ ಪಾರ್ಸೆಲ್ ಆಫೀಸಿನ ಗುಮಾಸ್ತ ರಾಚಯ್ಯನವರು ಹಿತ್ತಾಳೆ ತಗಡು ಕತ್ತರಿಸಿ, ಬೆಸೆದು ನನ್ನ ಮೈ ಮಾಡಿದರು. ಹಳೆಯ ಟೇಪ್ ರೆಕಾರ್ಡರಿನಿಂದ ಬಿಚ್ಚಿದ ಮೋಟರನ್ನು ನನ್ನ ಎದೆಯೊಳಗೆ ಕೂರಿಸಿದರು. ಕರಿ ಬಣ್ಣ ಒಣಗಿದ ದಿನ ಹಳಿಯ ಮೇಲಿಟ್ಟು ಗುಂಡಿ ತಿರುಗಿಸಿದರು. ಮೊದಲು ನಡುಗಿದೆ, ಆಮೇಲೆ ಓಡಿದೆ.

“ಶಾಬಾಸ್ ಮಗನ!” ಅಂದರು. ಮದುವೆಯಾಗದ ಅವರಿಗೆ ಹಾಗೆ ಕರೆಯಲು ಬೇರೆ ಯಾರೂ ಇರಲಿಲ್ಲ.

ವರ್ಷ ಕಳೆದಂತೆ ಕೋಣೆ ತುಂಬ ಹಲಗೆ ಹರಡಿತು. ಗಂಜಿಯಲ್ಲಿ ನೆನೆದ ಪೇಪರು ಗುಡ್ಡವಾಯಿತು. ಒಣಗಿದ ಹೀರೇಕಾಯಿಯ ನಾರು ಹಸಿರು ಬಣ್ಣ ಕುಡಿದು ಗಿಡವಾಯಿತು. ಸ್ಟೇಷನ್ನು, ಸೇತುವೆ, ಸುರಂಗ ಒಂದೊಂದಾಗಿ ಬಂದವು. ಆಫೀಸಿನಿಂದ ಬಂದ ಕೂಡಲೇ ರಾಚಯ್ಯನವರು ಬಾಗಿಲು ಮುಂದೆ ಮಾಡಿಕೊಂಡು ನನ್ನನ್ನು ಓಡಿಸುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅವರ ತಂಗಿ ಶಿವಗಂಗಾ ಆ ಮನೆಯಲ್ಲೇ ಇದ್ದರು. ನನಗೆ ಮಾತ್ರ ಆಕೆ ಬಹಳ ಕಾಲ ಬರೀ ಒಂದು ಕೈ. ಬಾಗಿಲ ಸಂದಿಯಿಂದ ಚಹಾದ ಲೋಟ ಒಳಗಿಡುವ ಕೈ.

“ಅಣ್ಣಾ, ಒಮ್ಮೆ ಒಳಗ ಬಂದು ನೋಡ್ಲೇನು?”

“ಬ್ಯಾಡವಾ. ಸೆರಗು ತಾಕಿದ್ರ ಗಿಡಾ ಕಂಬಾ ಎಲ್ಲಾ ಉರಳ್ತಾವ. ಪೂರಾ ಆಗಲಿ, ತೋರಸ್ತೀನಿ.”

ಅದು ಪೂರ್ತಿಯಾಗಲೇ ಇಲ್ಲ. ಒಂದು ಸೇತುವೆ ಮುಗಿದರೆ ಇನ್ನೊಂದು ಸುರಂಗ ಶುರುವಾಗುತ್ತಿತ್ತು. ಅಡುಗೆಮನೆಯಲ್ಲಿ ಒಬ್ಬರೇ ಉಣ್ಣುವ ತಾಟಿನ ಸದ್ದು, ಇಲ್ಲಿ ನನ್ನ ಗಾಲಿಗಳ ಸದ್ದು.

ಒಂದು ಬೇಸಿಗೆ ರಾಚಯ್ಯನವರು ಎದೆನೋವೆಂದು ಆಸ್ಪತ್ರೆಗೆ ಹೋದರು, ಮರಳಲಿಲ್ಲ. ಕೋಣೆಗೆ ಬೀಗ ಬಿತ್ತು. ನನ್ನ ಬೆನ್ನ ಮೇಲೆ ಧೂಳು ಕೂತಿತು. ಗಂಜಿಯ ವಾಸನೆಗೆ ಇರುವೆಗಳು ಗುಡ್ಡ ಹತ್ತಿದವು. ಅವಕ್ಕೆ ಹಳಿ ಬೇಕಿರಲಿಲ್ಲ.

ಮನೆ ಖಾಲಿ ಮಾಡುವ ಹೊತ್ತು ಬಂದಾಗ ಶಿವಗಂಗಾ ಬೀಗ ತೆಗೆದರು. ಆಗಲೇ ನಾನು ಆಕೆಯ ಮುಖ ಸರಿಯಾಗಿ ಕಂಡದ್ದು. ಸೆರಗು ಸೊಂಟಕ್ಕೆ ಬಿಗಿದು, ಎಲ್ಲವನ್ನೂ ಸುತ್ತಿ ನೋಡಿದರು. ಸ್ಟೇಷನ್ನಿನ ಹಿಂದೆ ಒಂದು ಮಣ್ಣಿನ ಮನೆಯಿತ್ತು. ಅದರ ಬಾಗಿಲಲ್ಲಿ ಉಗುರಿನಷ್ಟು ಎತ್ತರದ ಹೆಂಗಸು, ಕೈಯಲ್ಲಿ ಲೋಟ.

“ಇಲ್ಲೂ ನನ್ನ ಹೊರಗ ನಿಲ್ಲಿಸಿದ್ಯಾ, ಅಣ್ಣಾ?” ಎಂದು ನಕ್ಕರು. ನಗು ಅರ್ಧಕ್ಕೇ ಅಳುವಾಯಿತು.

ಕಣ್ಣೊರೆಸಿಕೊಂಡು, ಆ ಗೊಂಬೆಯನ್ನು ಉಗುರಿನಿಂದ ಎಬ್ಬಿಸಿ ನನ್ನ ಹಿಂದಿನ ತೆರೆದ ಡಬ್ಬಿಯಲ್ಲಿ ಕೂರಿಸಿದರು. ಗುಂಡಿ ತಿರುಗಿಸಿದರು. ಸೇತುವೆ ದಾಟಿದೆವು, ಸುರಂಗ ಹೊಕ್ಕು ಬಂದೆವು. ನಾನು ಅಷ್ಟು ಮೆಲ್ಲಗೆ, ಅಷ್ಟು ಜೋಕೆಯಿಂದ ಎಂದೂ ಓಡಿರಲಿಲ್ಲ. ದೀಪ ಹಚ್ಚುವ ಹೊತ್ತಾದರೂ ಆಕೆ ನಿಲ್ಲಿಸಲಿಲ್ಲ.

ಮರುದಿನ ಬಡಗಿ ಬಂದು ಹಲಗೆಗಳನ್ನು ಒಯ್ದ. ಶಿವಗಂಗಾ ನನ್ನನ್ನು ಸೀರೆಯೊಂದರಲ್ಲಿ ಸುತ್ತಿಕೊಂಡು ಗದಗಿನಲ್ಲಿದ್ದ ಅಕ್ಕನ ಮಗಳ ಮನೆಗೆ ಹೋದರು. ಈಗ ಅಡುಗೆಮನೆಯ ಗೂಡಿನಲ್ಲಿ, ಸಾಸಿವೆ ಡಬ್ಬಿಯ ಪಕ್ಕ ನಿಂತಿದ್ದೇನೆ. ಮೋಟರು ತುಕ್ಕು ಹಿಡಿದಿದೆ.

“ಓಡೂದಂತೂ ಇಲ್ಲ, ಯಾಕ ಇಟ್ಕೊಂಡೀಯ ಚಿಗವ್ವಾ?” ಎಂದು ಅಕ್ಕನ ಮಗಳು ಒಮ್ಮೆ ಕೇಳಿದಳು.

“ನಮ್ಮಣ್ಣ ದಿನಾ ಇದರ ಜೋಡಿ ಮಾತಾಡ್ತಿದ್ದ. ಏನ ಮಾತಾಡ್ತಿದ್ನೋ, ಹೊರಗ ಕೇಳಸ್ತಿರಲಿಲ್ಲ,” ಅಂದರು ಶಿವಗಂಗಾ.

ನನಗೆ ಗೊತ್ತು. ಎಷ್ಟೋ ಸಂಜೆ ನನ್ನನ್ನು ಒರೆಸುತ್ತ, ಬಾಗಿಲ ಕಡೆ ನೋಡಿ, “ನಾಳೆ ಅಕಿನ್ನ ಕರೀತೀನಿ” ಅನ್ನುತ್ತಿದ್ದರು. ಅದನ್ನು ಹೇಳೋಣವೆಂದರೆ ನನಗೆ ಒಂದು ಸಿಳ್ಳೆಯೂ ಇಲ್ಲ.