ತುಳಜಾಬಾಯಿ ಯಾಕೆ ಬಸ್ಸು ಹತ್ತಲಿಲ್ಲ

ಮಾದನಹಿಪ್ಪರಗಾದ ತುಳಜಾಬಾಯಿಯ ತಾಯಿ ತವರೂರು ಘತ್ತರಗಿಯಲ್ಲಿ ಜೀವ ಬಿಡುವಾಗ ಮಗಳು ಹತ್ತಿರ ಇರಲಿಲ್ಲ. ಹಾಸಿಗೆ ಹಿಡಿದ ಮುದುಕಿ ದಿನಾಲೂ ಮಗಳ ಹೆಸರು ಹಿಡಿದು ಕರೆದಿದ್ದಳು. ಅಣ್ಣ ಕಲ್ಯಾಣಪ್ಪ ಮತ್ತೆ ಮತ್ತೆ ಹೇಳಿ ಕಳಿಸಿದ್ದ. "ತೊಗರಿ ರಾಶಿ ಮುಗೀಲಿ, ಬರ್ತೇನಿ" ಎಂದು ತುಳಜಾಬಾಯಿ ದಿನ ತಳ್ಳಿದಳು.

ಸಾವಿನ ಸುದ್ದಿ ಬಂದಾಗ ಗುಟುಕು ನೀರೂ ಕುಡಿಯದೆ, ಸೀರೆಯೊಳಗೆ ಹಳೆ ಬಟ್ಟೆ ಮಡಚಿಕೊಂಡು ತಾಯಿಯ ಮಣ್ಣಿಗೆ ಹೋದಳು. ಬಂದ ಮಂದಿಯ ಎದುರಿಗೇ ಕಲ್ಯಾಣಪ್ಪ ಕೇಳಿದ: "ನಿನಗ ಹಡೆದವ್ವಗಿಂತ ತೊಗರಿ ಹೆಚ್ಚಾಯ್ತೇನು? ಇನ್ನ ಈ ಮನಿ ಹೊಸ್ತಿಲ ತುಳೀಬ್ಯಾಡ."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳೇ ಹೊರತು ಕಾರಣ ಹೇಳಲಿಲ್ಲ.

ಕಾರಣ ತೊಗರಿಯಲ್ಲ. ಕಡೆಯ ಹೆರಿಗೆಯಾದಾಗಿನಿಂದ ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ತಡೆಯಲಾಗದೆ ಮೂತ್ರ ಹೋಗಿಬಿಡುತ್ತಿತ್ತು. ಒಮ್ಮೆ ಆಳಂದದ ಬಸ್ಸಿನಲ್ಲಿ ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಎದ್ದು ಹೋಗಿದ್ದಳು. ಅಂದಿನಿಂದ ತುಳಜಾಬಾಯಿ ಲಗ್ನ, ಬಸುರಿಯರ ಕುಬಸ, ಕೂಸಿನ ತೊಟ್ಟಿಲು ಎಲ್ಲ ಬಿಟ್ಟಳು. ಗಂಡ ನಾಗಣ್ಣನಿಗೂ ಬಾಯಿ ಬಿಡಲಿಲ್ಲ. ನೀರು ಕುಡಿದರೆ ತಾನೇ ಈ ತಾಪತ್ರಯ ಎಂದು ನೀರು ಕಡಿಮೆ ಮಾಡಿದಳು. ಬಾಯಾರಿದರೆ ಒಂದಿಷ್ಟು ಚಹಾ. ಬರಬರುತ್ತ ಮೂತ್ರ ಮಾಡುವಾಗ ಉರಿಯತೊಡಗಿತು.

ತಾಯಿಯ ದಿನಕರ್ಮ ಮುಗಿದ ಮೇಲೆ ತೊಗರಿ ಕೊಯ್ಯಲು ಹೋದವಳು ಬಿಸಿಲಲ್ಲಿ ಕುಸಿದುಬಿದ್ದಳು. ಮೈ ಸುಡುತ್ತಿತ್ತು. ಪಕ್ಕದ ಸಾಲಿನಲ್ಲಿದ್ದ ನೆರೆಮನೆಯ ಜೈತುನಬಿ ಓಡಿಬಂದು ತಂಬಿಗೆ ಬಾಯಿಗಿಟ್ಟಳು. ತುಳಜಾಬಾಯಿ ಕೈಯಿಂದ ತಳ್ಳಿದಳು.

"ಯಾಕ ಬೇ, ಸಾಯ್ಬೇಕಂತ ಮಾಡಿಯೇನು?"

"ಕುಡಿದ್ರ ಸೀರಿ ತೊಯ್ತದ ಅಕ್ಕಾ..." ಅಂದವಳೇ ಗೊಳೋ ಎಂದು ಅತ್ತಳು. ಇಷ್ಟು ವರ್ಷದ್ದೆಲ್ಲ ಅಲ್ಲೇ ಹೇಳಿದಳು.

ಜೈತುನಬಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ನನಗೂ ಹಿಂಗೇ ಆಗಿತ್ತು. ಗುಲ್ಬರ್ಗಾಕ್ಕ ಹೋಗಿ ತೋರಿಸಿಕೊಂಡೆ. ನಡಿ, ದವಾಖಾನಿಗೆ ಹೋಗಮು."

"ಹಡೆದ ಹೆಂಗಸಿಗೆ ಇದು ಇದ್ದದ್ದೇ. ಇದಕ್ಕ ಎಂಥಾ ದವಾಖಾನಿ?"

"ಇದ್ದದ್ದೇ ಅಂತ ಕುಂತಿದ್ದಕ್ಕೇ ನಿಮ್ಮವ್ವನ ಮಾರಿ ನೋಡಲಿಲ್ಲ ನೀನು."

ಆ ಮಾತಿಗೆ ತುಳಜಾಬಾಯಿ ಎದ್ದು ಕೂತಳು.

ಆಳಂದದ ದವಾಖಾನೆಯಲ್ಲಿ ಡಾಕ್ಟರಬಾಯಿ ಪರೀಕ್ಷೆ ಮಾಡಿ, ಉರಿಮೂತ್ರಕ್ಕೂ ಜ್ವರಕ್ಕೂ ಔಷಧ ಕೊಟ್ಟರು. "ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ, ತಡೆಯೋದು ಇನ್ನೂ ಕಷ್ಟ. ದಿನವಿಡೀ ಸ್ವಲ್ಪ ಸ್ವಲ್ಪ ಕುಡೀರಿ. ಚಹಾ ಕಡಿಮೆ ಮಾಡ್ರಿ. ಹೆರಿಗೆಯಲ್ಲಿ ಕೆಳಗಿನ ಸ್ನಾಯು ಸಡಿಲಾಗಿದೆ, ಅದನ್ನು ಬಿಗಿ ಮಾಡಬಹುದು" ಎಂದರು.

"ಹ್ಯಾಂಗ್ರಿ?" ತುಳಜಾಬಾಯಿಗೆ ನಂಬಿಕೆ ಬರಲಿಲ್ಲ.

ಡಾಕ್ಟರಬಾಯಿ ವ್ಯಾಯಾಮ ಹೇಳಿಕೊಟ್ಟರು. ಊರಿಗೆ ಮರಳುವ ಹಾದಿಯಲ್ಲಿ ಜೈತುನಬಿ ಅದನ್ನೇ ಬಿಡಿಸಿ ಹೇಳಿದಳು. "ನಾಕ ಮಂದ್ಯಾಗ ಹೂಸು ತಡೀತೀವಲ್ಲ, ಹಂಗ ಬಿಗಿ ಹಿಡಿ. ಐದು ಎಣಿಸು, ಬಿಡು. ಉಸಿರು ಕಟ್ಟಬ್ಯಾಡ. ರೊಟ್ಟಿ ಬಡಿಯೋವಾಗ, ಕಾಳು ಆರಿಸೋವಾಗ ಮಾಡು, ಯಾರಿಗೂ ತಿಳಿಯಂಗಿಲ್ಲ. ಕೆಮ್ಮು ಬಂದ್ರ, ಕೊಡ ಎತ್ತಿದ್ರ ಮೊದಲು ಬಿಗಿ ಹಿಡಿ. ನೀ ಹಲ್ಲಿಗೆ ತಿಕ್ಕೋ ತಂಬಾಕಿನ ಮಿಸ್ರಿ ಬಿಡು. ಪುಂಡಿಪಲ್ಯ, ರಾಜಗಿರಿ, ಜ್ವಾಳದ ರೊಟ್ಟಿ ಚಂದಗೆ ತಿನ್ನು. ಮಲ ಕಟ್ಟಿದ್ರ ಮೂತ್ರದ ಚೀಲದ ಮ್ಯಾಲ ಒತ್ತಡ ಬೀಳ್ತದ."

ಮೊದಮೊದಲು ಏನೂ ಬದಲಾಗಲಿಲ್ಲ. "ಸುಳ್ಳು ಹೇಳಿದಿ ಅಕ್ಕಾ" ಎಂದು ತುಳಜಾಬಾಯಿ ಸಿಟ್ಟಾದಳು. ಆಕೆಯೇ ನಾಗಣ್ಣನಿಗೆ ವಿಷಯ ಹೇಳಿದ ಮೇಲೆ ತುಂಬಿದ ಕೊಡ ಆತನೇ ತರತೊಡಗಿದ. ಊರ ಗಂಡಸರು ನಕ್ಕರು, ಆತ ತಲೆ ಕೆಡಿಸಿಕೊಳ್ಳಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಸೀರೆ ತೊಯ್ಯದ ದಿನಗಳು ಹೆಚ್ಚಾದವು. ಪೂರ್ತಿ ನಿಲ್ಲಲಿಲ್ಲ. ಆದರೆ ಬಸ್ಸು ಹತ್ತುವ ಧೈರ್ಯ ಬಂತು.

ಆಕೆ ಘತ್ತರಗಿಗೆ ಹೋದಳು. ಹೊಸ್ತಿಲ ಹೊರಗೇ ನಿಂತು ಅಣ್ಣನಿಗೆ ಎಲ್ಲ ಹೇಳಿದಳು. ಕಲ್ಯಾಣಪ್ಪ ಹೊಸ್ತಿಲು ದಾಟಿ ಹೊರಗೆ ಬಂದ.

"ಒಂದ್ ಮಾತು ಹೇಳಿ ಕಳಿಸಿದ್ರ ನಾನೇ ಬಂಡಿ ಕಟ್ಟಿ ಬರ್ತಿದ್ನಲ್ಲ ತಂಗೀ. ಅವ್ವ ನಿನ್ನ ಮಾರಿ ನೋಡಿ ಹೋಗ್ತಿದ್ಲು."

ಅಣ್ಣ ಒಳಗೆ ಕರೆದ. ತಾಯಿಯ ಹಾಸಿಗೆಯ ಜಾಗ ಖಾಲಿ ಇತ್ತು.

ಅಕ್ಕ ತಂಗಿಯರೇ, ಮೂತ್ರ ತಡೆಯಲಾಗದಿದ್ದರೆ ನೀರು ಬಿಡಬೇಡಿ, ಬಾಯಿ ಕಟ್ಟಿಕೊಂಡು ಕೂರಬೇಡಿ. ಉರಿ, ರಕ್ತ, ಜ್ವರ ಕಂಡರೆ ತಡಮಾಡದೆ ದವಾಖಾನೆಗೆ ಹೋಗಿ. ಅಣ್ಣ ತಮ್ಮಂದಿರೇ, ಮನೆಯ ಹೆಣ್ಣುಮಗಳು ಬಸ್ಸು ಹತ್ತಲು ಹಿಂಜರಿದರೆ ಬೈಯುವ ಮೊದಲು ಯಾಕೆಂದು ಮೆಲ್ಲಗೆ ಕೇಳಿ.