ಮೂರು, ಸಾರ್

ಇದು ನಿಜವಾಗಿ ನಡೆದದ್ದು. ಬೇಕಾದರೆ ನನ್ನ ಭಾವನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಬಹುದಿತ್ತು. ಆದರೆ ಆ ತಲೆಯ ಮೇಲೆ ಇದುವರೆಗೆ ಬಿದ್ದಿರುವುದೇ ಸಾಕು, ನನ್ನ ಕೈಯೂ ಯಾಕೆ.

ಭಾವನಿಗೆ ಐವತ್ತೊಂದು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಹತ್ತು ನಿಮಿಷ ಬೇಕು. ಮೇಲಿನ ಗುಂಡಿಯನ್ನು ಎರಡನೇ ಕಾಜಕ್ಕೆ ಸಿಕ್ಕಿಸಿ, ಕೊನೆಗೆ ಒಂದು ಗುಂಡಿ ಉಳಿಯಿತಲ್ಲ ಎಂದು ದರ್ಜಿಯನ್ನು ಬೈಯುತ್ತಾರೆ. ಹಲ್ಲುಜ್ಜಿ ಬಂದು ಮತ್ತೆ ಹಲ್ಲುಜ್ಜಲು ಹೋಗುತ್ತಾರೆ. ಅಕ್ಕ ಅಡುಗೆಮನೆಯ ಬಾಗಿಲಿಗೆ 'ಒಲೆ ಆರಿಸಿದಿರಾ?' ಎಂದು ಚೀಟಿ ಅಂಟಿಸಿದ್ದಾಳೆ. ಭಾವ ಅದನ್ನು ಓದಿದಾಗಲೆಲ್ಲ ಹೋಗಿ ಒಲೆ ಆರಿಸುತ್ತಾರೆ, ಮೇಲೆ ಪಾತ್ರೆ ಕುದಿಯುತ್ತಿದ್ದರೂ ಸರಿ. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತದೆ. ನೆಟ್ಟಗಿನ ರಸ್ತೆಯಲ್ಲೂ ತಿರುವು ಹುಡುಕುತ್ತಾರೆ. ಅವರ ಕಥೆಗೆ ತಿರುವು ಬಂದದ್ದೂ ಆ ನಡಿಗೆಯಿಂದಲೇ.

ಅವರ ಕೆಲಸ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ. ಸಾಲಾಗಿ ಬರುವ ಬಾಟಲಿಗಳನ್ನು ದೀಪದ ಮುಂದೆ ಕೂತು ನೋಡಬೇಕು. ಅನುಮಾನ ಬಂದದ್ದನ್ನು ಎತ್ತಿ ಉಗುರಿನಿಂದ ತಟ್ಟಬೇಕು. ಗಟ್ಟಿ ಬಾಟಲಿ 'ಟಿಣ್' ಅನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ 'ಟಪ್'. ಹೋದ ತಿಂಗಳು ಒಂದು ದಿನ ಅವರು 'ಟಪ್' ಅಂದವನ್ನೆಲ್ಲ ಒಳ್ಳೆಯ ಪೆಟ್ಟಿಗೆಗೂ 'ಟಿಣ್' ಅಂದವನ್ನೆಲ್ಲ ಒಡೆಯುವ ತೊಟ್ಟಿಗೂ ಹಾಕಿ, ಓಲಾಡುತ್ತ ಮನೆಗೆ ಬಂದರು. ಮರುದಿನ ನೋಟೀಸು ಬಂತು: ಕುಡಿದು ಕೆಲಸಕ್ಕೆ ಬಂದಿದ್ದಾರೆ, ವಿಚಾರಣೆಯಾಗಬೇಕು.

ಭಾವ ಜನ್ಮದಲ್ಲಿ ಕುಡಿದವರಲ್ಲ. ಇಪ್ಪತ್ತೆಂಟು ವರ್ಷ ಖಾಲಿ ಬಾಟಲಿಗಳ ಮಧ್ಯೆ ಕಳೆದವರ ಮೇಲೆ ತುಂಬಿದ ಬಾಟಲಿಯ ಆರೋಪ. ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ಆರೋಪ ನಿಂತರೆ ಕೆಲಸ ಹೋಗುತ್ತದೆ. ಕೆಲಸದ ಜೊತೆ ಕಾರ್ಖಾನೆಯವರು ಕೊಟ್ಟ ಆಸ್ಪತ್ರೆಯ ಕಾರ್ಡೂ ಹೋಗುತ್ತದೆ. ಆ ಕಾರ್ಡಿಲ್ಲದೆ ಭಾವನಿಗೆ ಮಾತ್ರೆ ಇಲ್ಲ.

ಹಾಗೆ ನೋಡಿದರೆ ಭಾವನಿಗೆ ಆ ಕೆಲಸ ಸಿಕ್ಕಿದ್ದು ತಲೆಯಿಂದಲೇ. ತಲೆ ಅಂದರೆ ಬುದ್ಧಿಯಲ್ಲ, ಹಣೆ. ಕಾರ್ಖಾನೆಗೆ ಒಂದು ಫುಟ್‌ಬಾಲ್ ತಂಡವಿತ್ತು. ಇಪ್ಪತ್ಮೂರು ವರ್ಷದ ಈ ಆಸಾಮಿ ಎಲ್ಲರಿಗಿಂತ ಒಂದು ಮೊಳ ಮೇಲೆ ಹಾರಿ ಚೆಂಡಿಗೆ ಹಣೆ ಕೊಡುವುದನ್ನು ನೋಡಿ, ಕಾರ್ಖಾನೆಯವರೇ ಮೈದಾನದ ಅಂಚಿನಲ್ಲಿ ಕೆಲಸದ ಅರ್ಜಿ ಕೈಗಿತ್ತರಂತೆ. ಅಂದಿನಿಂದ ಅವರ ಹೆಸರು ಡಿಚ್ಚಿ. ಕಾಲ್ಚೆಂಡು ಅಂತ ಆಟದ ಹೆಸರು, ಭಾವನಿಂದ ಆಡಿಸಿದ್ದು ಮಾತ್ರ ತಲೆಯಲ್ಲಿ. ದಿನಾ ಸಂಜೆ ಅಭ್ಯಾಸಕ್ಕೆ ನಲವತ್ತು ಡಿಚ್ಚಿ. ಮಳೆಗಾಲದಲ್ಲಿ ನೆನೆದ ಚೆಂಡು ಕಲ್ಲಿನಂತೆ. ಯುದ್ಧಗಳಲ್ಲಿ ಶತ್ರುಗಳ ತಲೆ ಚೆಂಡಾಡುತ್ತಿದ್ದರೆಂದು ಓದಿದ್ದೇನೆ. ಸ್ವಂತ ತಂಡದವನ ತಲೆಯನ್ನು ಚೆಂಡಾಡಿದ್ದು ಈ ಕಾರ್ಖಾನೆಯಲ್ಲೇ.

ಒಮ್ಮೆ ಭಾವ ಗೋಲಿನ ಕಂಬಕ್ಕೆ ಹಣೆ ಹೊಡೆದು ಬಿದ್ದರು. ಎದ್ದವರು ಚೆಂಡು ತೆಗೆದುಕೊಂಡು ಸೀದಾ ಓಡಿ ತಮ್ಮದೇ ಗೋಲಿಗೆ ಹೊಡೆದು ಕೈಯೆತ್ತಿ ಕುಣಿದರು. ಆ ಕಥೆ ಕ್ಯಾಂಟೀನಿನಲ್ಲಿ ಹತ್ತು ವರ್ಷ ಓಡಿತು. ನಾನೂ ನೆಂಟರ ಮನೆಗಳಲ್ಲಿ ಅದನ್ನು ಅಭಿನಯಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ನನ್ನ ಹೊಟ್ಟೆಪಾಡು ಮುದ್ರಣಾಲಯದಲ್ಲಿ ಬೇರೆಯವರ ತಪ್ಪು ಹುಡುಕುವುದು, ಅಂದರೆ ಕರಡು ತಿದ್ದುವುದು. ಚಪಲ ಬೇರೆಯವರ ಧ್ವನಿ ಅನುಕರಿಸುವುದು.

ನನ್ನ ಅತ್ಯುತ್ತಮ ಪಾತ್ರ ಸೀಟಿ ಸಾಹೇಬರು. ಆಗ ತಂಡದ ಮ್ಯಾನೇಜರು, ಈಗ ಕಾರ್ಖಾನೆಯ ಕಾರ್ಮಿಕ ವಿಭಾಗದ ದೊಡ್ಡ ಅಧಿಕಾರಿ. ನೋಟೀಸಿಗೆ ಸಹಿ ಹಾಕಿದವರೂ ಅವರೇ. ಧ್ವನಿ ಅರ್ಧ ಮೂಗಿನಲ್ಲಿ, ಅರ್ಧ ಆಜ್ಞೆಯಲ್ಲಿ. ನಾನು ಮನೆಯಲ್ಲಿ ಆ ಧ್ವನಿ ತೆಗೆದು, "ಏಯ್ ಡಿಚ್ಚಿ, ಬೆರಳೆಷ್ಟು?" ಅಂದರೆ ಸಾಕು, ಭಾವ ಎಲ್ಲಿದ್ದರೂ ಎದ್ದು ನಿಂತು, "ಮೂರು, ಸಾರ್" ಅನ್ನುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಯಾವ ಬೆರಳು, ಏನು ಮೂರು ಎಂದು ನಾನು ಕೇಳಿದವನಲ್ಲ. ಕರಡು ತಿದ್ದುವವನ ಕಣ್ಣಿಗೂ ಕೆಲವು ತಪ್ಪು ಬೀಳುವುದಿಲ್ಲ.

ಹೋದ ವರ್ಷ ಒಂದು ಮದುವೆ ಮನೆಯಲ್ಲಿ ಭಾವನ ಈಗಿನ ನಡಿಗೆಯನ್ನೂ ಅಭಿನಯಿಸಿದೆ. ಎಡಗಾಲು ಎಳೆದುಕೊಂಡು, ಗೋಡೆ ಹಿಡಿದುಕೊಂಡು. ಜನ ನಕ್ಕರು. ಆಮೇಲೆ ಅಕ್ಕ ಪಾತ್ರೆ ತೊಳೆಯುತ್ತಿದ್ದಲ್ಲಿಂದ ಮುಖ ತಿರುಗಿಸದೆ ಹೇಳಿದಳು, "ಅವರ ನಡಿಗೆ ಮಾಡ್ಬೇಡ ಕಣೋ. ನೀನು ಆಟ ಮುಗಿಸಿ ಎದ್ದು ನಿಲ್ತೀಯ. ಅವರಿಗೆ ಅದು ಮುಗಿಯಲ್ಲ."

ಅವತ್ತಿಂದ ನಡಿಗೆ ಬಿಟ್ಟೆ. ಸಾಹೇಬರೊಬ್ಬರು ಉಳಿದರು.

ನರರೋಗದ ಡಾಕ್ಟರಮ್ಮನ ಹತ್ತಿರ ಭಾವನನ್ನು ಕರೆದುಕೊಂಡು ಹೋದದ್ದೂ ನಾನೇ. ಮಿದುಳನ್ನು ಬುರುಡೆಯೊಳಗೆ ಯಾರೂ ಬಿಗಿದು ಕಟ್ಟಿಲ್ಲ, ತಲೆ ನಿಂತರೂ ಅದು ನಿಲ್ಲದೆ ಗೋಡೆಗೆ ಬಡಿಯುತ್ತದೆ ಎಂದು ಅವರು ವಿವರಿಸಿದರು. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಸಣ್ಣ ಸಣ್ಣ ಪೆಟ್ಟುಗಳೂ ವರ್ಷಗಟ್ಟಲೆ ಸೇರುತ್ತ ಹೋಗಬಹುದು. ಪೆಟ್ಟು ಬಿದ್ದು ತಲೆ ತಿರುಗುತ್ತಿರುವಾಗಲೇ ಮತ್ತೆ ಆಡಿಸಿದರೆ ಇನ್ನೂ ಕೆಟ್ಟದ್ದು. ಆಡಿದವರಿಗೆಲ್ಲ ಆಗುವುದಿಲ್ಲ. ಆದವರಿಗೆ ಆಟ ಬಿಟ್ಟು ಹದಿನೈದು ಇಪ್ಪತ್ತು ವರ್ಷವಾದ ಮೇಲೂ ಕಾಣಿಸಿಕೊಳ್ಳಬಹುದು. ಮರೆವು, ಸಿಟ್ಟು, ಕೈನಡುಕ, ಈ ನಡಿಗೆ. ಇದೇ ಎಂದು ಖಚಿತವಾಗಿ ಹೇಳಲು ಮಾತ್ರ ಸತ್ತ ಮೇಲೆ ಮಿದುಳು ತೆಗೆದು ನೋಡಬೇಕಂತೆ.

ಭಾವ ಗಂಭೀರವಾಗಿ ಕೇಳಿಸಿಕೊಂಡು, "ಅಂದ್ರೆ ಸತ್ಯ ಗೊತ್ತಾಗ್ಬೇಕಾದ್ರೆ ನಾನು ಸತ್ತೇ ತೋರಿಸ್ಬೇಕು ಅನ್ನಿ" ಅಂದರು.

ಡಾಕ್ಟರಮ್ಮ ನಕ್ಕುಬಿಟ್ಟರು, ಆಮೇಲೆ ಪೆನ್ನು ಎತ್ತಿಕೊಂಡರು. ಎಷ್ಟು ಸಲ ಪೆಟ್ಟು ಬಿತ್ತು, ಪ್ರತಿ ಸಲ ಆಮೇಲೆ ಹೇಗಿದ್ದರು ಎಂಬುದಕ್ಕೆ ದಾಖಲೆಯಿದ್ದರೆ, ಇದು ಆ ಪೆಟ್ಟುಗಳಿಂದ ಬಂದದ್ದಿರಬಹುದು ಎಂದು ಅಷ್ಟರ ಮಟ್ಟಿಗೆ ಬರೆದುಕೊಡಬಹುದು ಎಂದರು.

ದಾಖಲೆ ಇತ್ತು. ಸಾಹೇಬರ ಬಳಿಯೇ ಇತ್ತು. ವಿಚಾರಣೆಯ ದಿನ ಅವರೇ ಅದನ್ನು ಹೆಮ್ಮೆಯಿಂದ ತಂದು ಮೇಜಿನ ಮೇಲಿಟ್ಟರು.

ವಿಚಾರಣೆ ನಡೆಸಲು ಕಾರ್ಮಿಕ ಇಲಾಖೆಯಿಂದ ಒಬ್ಬ ಮೇಡಂ ಬಂದಿದ್ದರು. ಮಾತು ಕಡಿಮೆ, ಕನ್ನಡಕ ದಪ್ಪ. ಭಾವನಿಗೆ ಕಾಗದ ಓದಿ ಹೇಳಲು ನನ್ನನ್ನು ಒಳಗೆ ಬಿಟ್ಟರು, ಮಧ್ಯೆ ಮಾತಾಡಬಾರದು ಎಂಬ ಷರತ್ತಿನ ಮೇಲೆ. ಗೋಡೆಯ ಉದ್ದಕ್ಕೂ ಗಾಜಿನ ಕಪಾಟು, ಅದರ ತುಂಬ ತಂಡ ಗೆದ್ದ ಕಪ್ಪುಗಳು. ಅರ್ಧಕ್ಕರ್ಧ ಭಾವನ ಹಣೆಯಿಂದ ಬಂದವು. ಅವುಗಳ ಧೂಳು ಒರೆಸಲು ಕಾರ್ಖಾನೆ ಒಬ್ಬ ಆಳನ್ನು ಇಟ್ಟಿದೆ. ಹಣೆಗೆ ಯಾರನ್ನೂ ಇಟ್ಟಿಲ್ಲ.

ಸಾಹೇಬರ ವಾದ ಸರಳವಾಗಿತ್ತು. ಆಟದಲ್ಲಿ ತಲೆಗೆ ಪೆಟ್ಟು ಬಿದ್ದದ್ದು ನಿಜ. ಆದರೆ ಪ್ರತಿ ಸಲವೂ ಮೈದಾನದಲ್ಲೇ ಬೆರಳು ತೋರಿಸಿ ಪರೀಕ್ಷೆ ಮಾಡಲಾಗಿದೆ, ಪ್ರತಿ ಸಲವೂ ಇವನು ಸರಿಯಾಗಿ ಎಣಿಸಿದ್ದಾನೆ. ದಪ್ಪ ಪುಸ್ತಕದಲ್ಲಿ ತಾರೀಖಿನ ಜೊತೆ ಬರೆದಿತ್ತು: 'ತಲೆಗೆ ಪೆಟ್ಟು. ಬೆರಳು ತೋರಿಸಿ ಕೇಳಲಾಯಿತು. ಸರಿ ಉತ್ತರ. ಆಟ ಮುಂದುವರಿಯಿತು.' ಭಾವನ ಹೆಸರಿನಲ್ಲಿ ಅಂಥವು ಅರವತ್ತೊಂದು. ನಮ್ಮ ಎರಡೂ ಕುಟುಂಬಗಳಲ್ಲಿ ಇಷ್ಟು ಪರೀಕ್ಷೆ ಬರೆದು ಒಂದರಲ್ಲೂ ಫೇಲಾಗದವರು ಅವರೊಬ್ಬರೇ. ತಲೆ ಇಷ್ಟು ಗಟ್ಟಿಯಿದ್ದವನು ಈಗ ಓಲಾಡಿದರೆ ಅದು ಕುಡಿತವಲ್ಲದೆ ಬೇರೇನು ಎಂದು ಸಾಹೇಬರು ಕೇಳಿದರು.

ಸಾಕ್ಷಿಗೆ ಹಳೆಯ ತಂಡದ ಆರು ಜನರನ್ನು ಕರೆಸಿದ್ದರು. ಎಲ್ಲರೂ ಇನ್ನೂ ಅಲ್ಲೇ ದುಡಿಯುವವರು. ಅಂದು ಗೋಲು ಕಾಯುತ್ತಿದ್ದವನು ಈಗ ಗೇಟು ಕಾಯುತ್ತಾನೆ. ಎಲ್ಲರನ್ನೂ 'ಮುಂದೆ ಹೋಗು, ಹಿಂದೆ ಬಾ' ಅನ್ನುತ್ತಿದ್ದ ಕ್ಯಾಪ್ಟನ್ ಈಗ ಲಾರಿ ಓಡಿಸುತ್ತಾನೆ. ಅವರು ಒಬ್ಬೊಬ್ಬರಾಗಿ ಎದ್ದು, ಹೌದು ಮೇಡಂ, ಸಾಹೇಬ್ರು ಪ್ರತಿ ಸಲ ಕೇಳ್ತಿದ್ರು, ಇವನು ಪ್ರತಿ ಸಲ ಸರಿಯಾಗಿ ಹೇಳ್ತಿದ್ದ ಎಂದು ಹೇಳಿ, ಭಾವನ ಮುಖ ನೋಡದೆ ಕೂತರು. ಸುಳ್ಳೇನೂ ಹೇಳಲಿಲ್ಲ, ಪಾಪ.

ಮೇಡಂ ಭಾವನನ್ನು, ಕೆಲಸಕ್ಕೆ ಸೇರಿದ್ದು ಯಾವ ವರ್ಷ ಎಂದು ಕೇಳಿದರು. ಭಾವ ಬಾಯಿ ತೆರೆದರು, ಮುಚ್ಚಿದರು, ನನ್ನ ಕಡೆ ನೋಡಿದರು. ಷರತ್ತಿನಂತೆ ನಾನು ಸುಮ್ಮನಿದ್ದೆ. ಅವರ ಕಣ್ಣು ತುಂಬಿತು. ಸಾಹೇಬರು ತಲೆಯಾಡಿಸಿದರು, ನೋಡಿ, ನಾನು ಹೇಳಲಿಲ್ಲವೇ ಎಂಬಂತೆ.

ಚಹಾ ಬಂತು. ಸಾಹೇಬರು ಫೋನೆಂದು ಹೊರಗೆ ಹೋದರು. ಮೇಡಂ ಅಲ್ಲೇ ಕೂತು ಆ ಪುಸ್ತಕದ ಹಾಳೆ ತಿರುಗಿಸುತ್ತಿದ್ದರು. ಭಾವ ಬೆಂಚಿನ ಮೇಲೆ ಗದ್ದವನ್ನು ಎದೆಗಿಟ್ಟುಕೊಂಡು ಕೂತಿದ್ದರು.

"ನಾವ್ಯಾಕಯ್ಯ ಇಲ್ಲಿಗೆ ಬಂದಿದ್ದು?" ಎಂದು ನಾಲ್ಕನೇ ಸಲ ಕೇಳಿದರು.

ನನಗೆ ತಡೆಯಲಾಗಲಿಲ್ಲ. ಆ ಮುಖ ಒಮ್ಮೆ ನಗಲಿ ಅನ್ನಿಸಿತು. ಎದ್ದು ಕಪಾಟಿನ ಕೊನೆಯ ಮೂಲೆಯ ಮರೆಗೆ ಹೋದೆ. ಮಾತಾಡಬಾರದು ಅಂದಿದ್ದರಲ್ಲ, ನನ್ನ ಧ್ವನಿಯಲ್ಲಿ ನಾನು ಮಾತಾಡಲೇ ಇಲ್ಲ.

"ಏಯ್ ಡಿಚ್ಚಿ, ಬೆರಳೆಷ್ಟು?"

ಭಾವ ಥಟ್ಟನೆ ಎದ್ದು ನಿಂತರು. "ಮೂರು, ಸಾರ್."

ಅವರೊಬ್ಬರೇ ಅಲ್ಲ. ಗೋಡೆ ಬದಿಯ ಬೆಂಚಿನಿಂದ ಆರೂ ಜನ ಎದ್ದು ನಿಂತಿದ್ದರು, ಒಬ್ಬನ ಅಂಗಿಯ ಮೇಲೆ ಚಹಾ ಚೆಲ್ಲಿತ್ತು. ಏಳು ಗಂಟಲು, ಒಂದೇ ಉತ್ತರ.

ಮೇಡಂ ಪುಸ್ತಕದಿಂದ ತಲೆಯೆತ್ತಿ ಬಾಗಿಲು ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಕಪಾಟಿನ ಮರೆಯಲ್ಲಿ ನನ್ನನ್ನು ನೋಡಿದರು. ನನ್ನ ಕೈಗಳು ಜೇಬಿನಲ್ಲಿದ್ದವು.

"ಯಾರೂ ಬೆರಳು ತೋರಿಸಿಲ್ವಲ್ಲ" ಅಂದರು. "ಮೂರು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಆರು ಜನ ಮೆಲ್ಲಗೆ ಕೂತರು. ಭಾವ ಮಾತ್ರ ಪಾಠ ಬಂದ ವಿದ್ಯಾರ್ಥಿಯಂತೆ ಉತ್ತರಿಸಿದರು. "ಅದು ಯಾವಾಗ್ಲೂ ಮೂರೇ ಅಲ್ವಾ, ಮೇಡಂ."

ಕಾಯಿಲೆಯ ತಮಾಷೆ ನೋಡಿ, ಬೆಳಿಗ್ಗೆ ತಿಂದದ್ದು ಮರೆತವರಿಗೆ ಇಪ್ಪತ್ತೆಂಟು ವರ್ಷದ ಹಿಂದಿನದು ಕಣ್ಣಿಗೆ ಕಟ್ಟಿದಂತಿತ್ತು. ಸೇರಿದ ಮೊದಲ ದಿನವೇ ಕ್ಯಾಪ್ಟನ್ ಹೇಳಿಕೊಟ್ಟನಂತೆ. ಸಾಹೇಬರು ಸೀಟಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದಿರುತ್ತಾರೆ. ಅದನ್ನು ಕೆಳಗಿಡುವುದಿಲ್ಲ. ಉಳಿಯುವುದು ಮೂರೇ ಬೆರಳು. ಬಿದ್ದರೆ, ಕಣ್ಣು ಕಾಣಿಸದಿದ್ದರೂ, ಮೂರು ಅನ್ನು.

"ಅವತ್ತು ಕಂಬಕ್ಕೆ ಹೊಡ್ಕೊಂಡಾಗ ನಂಗೆ ಸಾಹೇಬ್ರೇ ಇಬ್ಬಿಬ್ರು ಕಾಣ್ತಿದ್ರು. ಬೆರಳು ಆರಿದ್ವು. ಆದ್ರೂ ಮೂರು ಅಂದೆ" ಎಂದು ಭಾವ ನಕ್ಕರು.

"ಬೇರೆ ಅಂದಿದ್ರೆ ಏನಾಗ್ತಿತ್ತು?"

ಇದಕ್ಕೆ ಗೇಟಿನವನು ಬಾಯಿಬಿಟ್ಟ. "ಬೆಂಚಿಗೆ ಕೂರಿಸ್ತಿದ್ರು ಮೇಡಂ. ಬೆಂಚಿಗೆ ಕೂತೋನ್ನ ಕೆಲಸದಲ್ಲಿ ಕಾಯಂ ಮಾಡ್ತಿರ್ಲಿಲ್ಲ. ಅದಕ್ಕೆ ನಾವೆಲ್ಲ ಮೂರು."

ಅಷ್ಟರಲ್ಲಿ ಸಾಹೇಬರು ಬಂದರು. ಮೇಡಂ ಅವರಿಗೆ ಏನೂ ಹೇಳಲಿಲ್ಲ. ಆಗ ಹೇಗೆ ಪರೀಕ್ಷೆ ಮಾಡುತ್ತಿದ್ದಿರಿ, ಒಮ್ಮೆ ತೋರಿಸಿ ಎಂದು ಕೇಳಿಕೊಂಡರು. ಸಾಹೇಬರಿಗೆ ಖುಷಿಯಾಯಿತು. ಬೀಗದ ಕೈ ಗೊಂಚಲಲ್ಲಿ ಆ ಹಳೆಯ ಸೀಟಿ ಇನ್ನೂ ನೇತಾಡುತ್ತಿತ್ತು. ಚಿಟಿಕೆಯಲ್ಲಿ ಹಿಡಿದರು, ಕೈಯೆತ್ತಿದರು. ಮೂರು ಬೆರಳು ನೆಟ್ಟಗೆ ನಿಂತವು.

"ಈಗ ನಾಲ್ಕು ತೋರಿಸಿ" ಅಂದರು ಮೇಡಂ.

ಸಾಹೇಬರು ತಮ್ಮ ಕೈಯನ್ನು ತಾವೇ ಮೊದಲ ಸಲ ನೋಡುವವರಂತೆ ನೋಡಿದರು. "ಸೀಟಿ ಬಿಡ್ಬೇಕಾಗುತ್ತೆ."

"ಯಾವತ್ತಾದ್ರೂ ಬಿಟ್ಟಿದ್ರಾ?"

ಸಾಹೇಬರ ಮೂರು ಬೆರಳು ಹಾಗೇ ಮೇಲೆ ನಿಂತಿದ್ದವು. ಮೂರೂ ಬಿಟ್ಟವರು ಎಂದು ಜನ ಬೈಯುವುದನ್ನು ಕೇಳಿದ್ದೇನೆ. ಮೂರನ್ನು ಬಿಡದೆ ಹಿಡಿದು ನಿಂತವರನ್ನು ನೋಡಿದ್ದು ಅವತ್ತೇ.

ಮೇಡಂ ಬರೆದುಕೊಂಡರು. ಪುಸ್ತಕ ನರರೋಗದ ಡಾಕ್ಟರಿಗೆ ಹೋಗಬೇಕು, ಅವರು ಹೇಳುವವರೆಗೆ ಭಾವನ ಆಸ್ಪತ್ರೆಯ ಕಾರ್ಡನ್ನು ಕಿತ್ತುಕೊಳ್ಳಬಾರದು ಎಂದು ಗಟ್ಟಿಯಾಗಿ ಓದಿದರು. ಸಾಹೇಬರು ಪುಸ್ತಕದ ಕಡೆ ಕೈ ಚಾಚಿದರು. ಆದರೆ ಅಷ್ಟರಲ್ಲಿ ಗೇಟಿನವನು ಮೇಜಿನ ಹತ್ತಿರ ಬಂದಿದ್ದ. ಅವನ ಕೈಯಲ್ಲಿದ್ದ ಕಪ್ಪು ಸಾಸರಿನ ಮೇಲೆ ಕಟಕಟ ಅನ್ನುತ್ತಿತ್ತು. ಅವನು ಅದನ್ನು ಕೆಳಗಿಡಲಿಲ್ಲ, ಮೇಡಂ ಮುಂದೆ ಹಾಗೇ ಹಿಡಿದು ನಿಂತ.

"ನಂದೂ ಬರ್ಕೊಳ್ಳಿ ಮೇಡಂ. ಎರಡು ವರ್ಷದಿಂದ ಹೀಗೆ. ಆ ಪುಸ್ತಕದಲ್ಲಿ ನಾನೂ ಇದೀನಿ."

ಅವನ ಹಿಂದೆ ಕ್ಯಾಪ್ಟನ್ ಬಂದು ನಿಂತ. ಲಾರಿ ಓಡಿಸುವಾಗ ಗೊತ್ತಿರೋ ದಾರಿ ತಪ್ಪುತ್ತೆ, ಹೇಳಿದ್ರೆ ಲೈಸೆನ್ಸ್ ಹೋಗುತ್ತೆ ಅಂತ ಯಾರಿಗೂ ಹೇಳಿಲ್ಲ ಎಂದ. ಅವನ ಹಿಂದೆ ಇನ್ನೊಬ್ಬ. ಕಂಪನಿಯ ಸಾಕ್ಷಿಗಳಾಗಿ ಬಂದ ಆರೂ ಜನ ಸಾಲಾಗಿ ನಿಂತರು, ಬೆಳಕಿನ ಮುಂದೆ ಬರುವ ಬಾಟಲಿಗಳ ಹಾಗೆ.

ವಾಪಸು ಬರುವಾಗ ಎಲ್ಲರೂ ಒಂದೇ ಬಸ್ಸು ಹತ್ತಿದೆವು. ಭಾವ ಕಿಟಕಿ ಪಕ್ಕ ಕೂತು, "ಅಲ್ಲಯ್ಯ ಬಾಮೈದ, ಅಲ್ಲಿ ಏನೋ ಆಯ್ತಲ್ಲ, ಏನದು?" ಅಂದರು. ಹೇಳಿದೆ: ನಾನು ಮರೆಯಲ್ಲಿ ನಿಂತು ನಿಮ್ಮನ್ನ ಬೇಸ್ತು ಬೀಳಿಸಿದೆ, ನೀವು ಎದ್ದು ನಿಂತು ಮೂರು ಅಂದ್ರಿ, ಸಾಹೇಬ್ರು ಸಿಕ್ಕಿಬಿದ್ರು. ಭಾವ ತೊಡೆ ತಟ್ಟಿಕೊಂಡು ನಕ್ಕರು. ಆರು ಜನವೂ ನಕ್ಕರು.

ನಾಲ್ಕು ನಿಲ್ದಾಣ ಕಳೆದವು. "ಅಲ್ಲಯ್ಯ ಬಾಮೈದ, ಅಲ್ಲಿ ಏನೋ ಆಯ್ತಲ್ಲ" ಅಂದರು ಭಾವ. ಈ ಸಲ ಸಾಹೇಬರ ಧ್ವನಿಯನ್ನೂ ಸೇರಿಸಿ ಹೇಳಿದೆ. ಭಾವ ಹೊಸದಾಗಿ ಕೇಳಿದವರಂತೆ ನಕ್ಕರು. ಆರು ಜನರಲ್ಲಿ ಇಬ್ಬರು ನಕ್ಕರು.

ನಮ್ಮ ನಿಲ್ದಾಣ ಬರುವ ಹೊತ್ತಿಗೆ ಮತ್ತೆ ಕೇಳಿದರು. ಮತ್ತೆ ಹೇಳಿದೆ. ಯಾರೂ ನಗಲಿಲ್ಲ. ಎಲ್ಲರೂ ಭಾವನನ್ನೇ ನೋಡುತ್ತಿದ್ದರು. ಕ್ಯಾಪ್ಟನ್ ಮುಖದ ಮುಂದೆ ತನ್ನ ಕೈ ಹಿಡಿದುಕೊಂಡು ಬೆರಳುಗಳನ್ನು ಒಂದೊಂದಾಗಿ ಎಣಿಸುತ್ತಿದ್ದ. ಅವರೆಲ್ಲರ ನಡುವೆ ಭಾವ, ಬೇಸ್ತು ಬಿದ್ದ ಮನುಷ್ಯ, ಬಸ್ಸಿನ ಸದ್ದನ್ನೂ ಮೀರಿಸಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಇದು ಮೂರನೇ ಸಲ.