ಕಬ್ಬಿಣದ ಚೀಲ

ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ದೊಡ್ಡಬಸಪ್ಪನಿಗೆ ಒಂದು ಜಂಬವಿತ್ತು. ಮಾದರಿ ತೆಗೆಯುವ ಮೊನೆಗೊಳವೆಯನ್ನು ಚೀಲಕ್ಕೆ ಚುಚ್ಚಿ, ಅದರ ಬಾಯಿಗೆ ಅಂಗೈ ಒಡ್ಡಿ, ಬೆರಳಿಂದ ತಟ್ಟಿ, ಉದುರಿದ ನಾಲ್ಕು ಕಾಳು ನೋಡಿ ಭತ್ತ ಮೆಟ್ರಿ ಊರಿನದೋ ಬುಕ್ಕಸಾಗರದ್ದೋ ಹೇಳಿಬಿಡುತ್ತಿದ್ದ. ಚೀಲ ಬಿಚ್ಚುವ ಮಾತೇ ಇಲ್ಲ. ಇಂಥ ಜಾಣನಿಗೆ ಮನೆಯಲ್ಲಿದ್ದ ಮಗಳು ಮಾತ್ರ ಅರ್ಥವಾಗಲಿಲ್ಲ.

ಎರಡು ವರ್ಷದಿಂದ ಕಾವ್ಯಳಿಗೆ ಊಟ ಸೇರದು, ನಿದ್ದೆ ಬಾರದು. ಹೊಸಪೇಟೆಯ ಮನೋವೈದ್ಯರ ಹತ್ತಿರ ಕದ್ದುಮುಚ್ಚಿ ಕರೆದೊಯ್ದು, ಕೇಳಿದವರಿಗೆಲ್ಲ ಕಾಮಾಲೆ ಎಂದಿದ್ದ. ಅವಳು ಗಿರಣಿಯ ವೆಲ್ಡರ್ ಎರ್ರೆಪ್ಪನಿಂದ ಕೆಲಸ ಕಲಿತು, ಹಳೆಯ ತಗಡುಗಳನ್ನು ಬೆಸೆದು ಶೆಡ್ಡಿನಲ್ಲಿ ಒಂದು ಹೆಣ್ಣಿನ ಮೂರ್ತಿ ಮಾಡಿದಳು. ತಲೆಯಿಲ್ಲ, ಬಾಯಿ ಹೊಲಿದ ಚೀಲದಂಥ ಮೈ. ಪಕ್ಕೆಗೆ ಅಪ್ಪನ ಹಳೆಯ ಮೊನೆಗೊಳವೆ ಚುಚ್ಚಿದ್ದಳು.

"ಇದು ಯಾರವ್ವ?"

"ನಾನಪ್ಪ. ಹತ್ರ ಬಂದು ನೋಡು."

"ಆಮ್ಯಾಲ ನೋಡ್ತೀನಿ," ಎಂದು ಅವನು ಲಾರಿಯ ಕಡೆ ನಡೆದ.

ಅಷ್ಟರಲ್ಲಿ ಸಂಡೂರಿನವರು ಹೆಣ್ಣು ನೋಡಲು ಬರುವುದಾಗಿ ಫೋನು ಬಂತು. ಬಂದವರು ಆ ಮೂರ್ತಿ ಕಂಡು ಏನು ಎತ್ತ ಎಂದು ಕೇಳಿದರೆ? ಕಾವ್ಯ ತಲೆಗೆ ಎರೆದುಕೊಳ್ಳುತ್ತಿದ್ದಾಗ ಅದನ್ನು ಹೊಸಪೇಟೆಯ ಗುಜರಿ ಗಾಡಿಗೆ ಹಾಕಿಸಿಬಿಟ್ಟ. ಬಂದವರು ಉಪ್ಪಿಟ್ಟು ತಿಂದು ಹೋದರು. ಖಾಲಿ ಶೆಡ್ಡು ಕಂಡ ಕಾವ್ಯ ಅಳಲಿಲ್ಲ, ಬೈಯಲಿಲ್ಲ. ಮೂರು ದಿನ ಬಾಯಿಯನ್ನೇ ತೆರೆಯಲಿಲ್ಲ, ಅನ್ನಕ್ಕೂ ಮಾತಿಗೂ.

ನಾಲ್ಕನೆಯ ದಿನ ಎರ್ರೆಪ್ಪ ತಡೆಯಲಾರದೆ ಹೇಳಿದ. "ಸಾವ್ಕಾರ್ರ, ತಪ್ಪು ತಿಳೀಬ್ಯಾಡ್ರಿ. ಆ ಕೂಸು ಬಾಯಿಲೆ ಹೇಳಾಕಾಗದ್ದನ್ನ ಕಬ್ಬಿಣದಾಗ ಹೇಳಿತ್ತು. ನೀವು ಅದನ್ನ ತೂಕಕ್ಕ ಹಾಕಿದ್ರಿ."

ದೊಡ್ಡಬಸಪ್ಪ ತಿಂಡಿ ಬಿಟ್ಟು ಹೊಸಪೇಟೆಗೆ ಓಡಿದ. ಗುಜರಿ ಅಂಗಳದಲ್ಲಿ ಮೂರ್ತಿ ಮಗ್ಗುಲಾಗಿ ಬಿದ್ದಿತ್ತು, ಗ್ಯಾಸ್ ಕಟರ್‌ನವರು ಇನ್ನೂ ಅದರ ತನಕ ಬಂದಿರಲಿಲ್ಲ. ಇಬ್ಬರನ್ನು ಕರೆದು ನೆಟ್ಟಗೆ ನಿಲ್ಲಿಸಿದ. ಕೊಳವೆಯ ಬಾಯಿ ಅವನ ಎದೆಯ ನೇರಕ್ಕಿತ್ತು. ನಲವತ್ತು ವರ್ಷದ ರೂಢಿ, ಅಂಗೈ ಒಡ್ಡಿ ಬೆರಳಿಂದ ತಟ್ಟಿದ. ಸರ್ರನೆ ಕಬ್ಬಿಣದ ಕರಿ ಪುಡಿ ಸುರಿದು ಅಂಗೈ ತುಂಬಿತು. ಹಾಗೆ ಅಂಗೈ ಒಡ್ಡುವವನು ಆ ಮನೆಯಲ್ಲಿ ಅವನೊಬ್ಬನೇ. ಮಗಳು ಅವನಿಗೆಂದೇ ಒಳಗೆ ಪುಡಿ ತುಂಬಿಟ್ಟಿದ್ದಳು, ಅವನು ಹತ್ತಿರಕ್ಕೂ ಹೋಗಿರಲಿಲ್ಲ. ಮುಷ್ಟಿ ಬಿಗಿದು, ಮೂರ್ತಿಯನ್ನು ಗಾಡಿಗೆ ಹೇರಿಸಿದ.

ಮೂರ್ತಿಯನ್ನು ಶೆಡ್ಡಿನಲ್ಲಿ ಇಳಿಸಿ, ಕರಿ ಅಂಗೈಯನ್ನು ಮಗಳ ಮುಂದೆ ಹಿಡಿದ. "ಕಾಮಾಲೆ ಅಂತ ಸುಳ್ಳು ಹೇಳಿದ್ನವ್ವ. ತಪ್ಪಾತು. ಈಗ ನೋಡೀನಿ."

ಕಾವ್ಯ ಆ ಪುಡಿಯನ್ನು ಬೆರಳಿಂದ ಮುಟ್ಟಿ ನೋಡಿದಳು.

"ಇದು ಬರೇ ಮಾದರಿ ಅಪ್ಪ," ಎಂದಳು. "ಚೀಲ ಇನ್ನೂ ತುಂಬೈತಿ."

ದೊಡ್ಡಬಸಪ್ಪ ಅವಳ ಪಕ್ಕ ನೆಲದ ಮೇಲೆ ಕುಳಿತ.

"ಬಿಚ್ಚವ್ವ," ಎಂದ.